ಬಾರದ ಗಾಯಕರ ಫ್ಲೆಕ್ಸ್: ಕೋರ್ಟಿನಿಂದ ತಡೆ ತರುವುದು ಹೇಗೆ?

ಮೂರು ವರ್ಷದ ಹಿಂದೆ ಕಲಬುರಗಿಯ ಜಗತ್ ವೃತ್ತದ ಬಳಿ ಫ್ಲೆಕ್ಸ್ ನೋಡಿ ಮನೆಮಂದಿಗೆಲ್ಲ ಸಂಗೀತ ಸಂಜೆಯ ಟಿಕೆಟ್ ತಂದಿದ್ದೆ. ಹೆಸರಾಂತ ಗಾಯಕರೊಬ್ಬರ ಮುಖ ಅರ್ಧ ಫ್ಲೆಕ್ಸ್ ತುಂಬಿತ್ತು. ಅವ್ವ ನಾಲ್ಕು ಗಂಟೆಗೇ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಮೈದಾನದ ಗೇಟಿನಲ್ಲಿ ಪಾಸ್ ಹರಿಯುತ್ತಿದ್ದ ಹುಡುಗ ಹೇಳಿದ: ‘ಅವ್ರು ಬರಂಗಿಲ್ರಿ, ಅವ್ರ ಹಾಡು ಇರ್ತಾವ.’

ಮರುದಿನ ಹೋಗಿ ಫ್ಲೆಕ್ಸನ್ನು ಹತ್ತಿರದಿಂದ ನೋಡಿದೆ. ಮೇಲೆಲ್ಲ ದಪ್ಪ ಕನ್ನಡ. ಕೆಳಗೆ, ಚೌಕಟ್ಟಿಗೆ ಮೊಳೆ ಹೊಡೆದ ಅಂಚಿನಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು: ಕಲಾವಿದರು ಬದಲಾಗಬಹುದು. ಅಕ್ಷರ ಕಿರುಬೆರಳ ಉಗುರಿಗಿಂತ ಸಣ್ಣವು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ.

ಇದು ಬರೀ ಮೋಸ ಅಲ್ಲ, ಕಾನೂನಿಗೆ ವಿರುದ್ಧ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮುಖ್ಯ ಮಾಹಿತಿಯನ್ನು ಬೇಕಂತಲೇ ಮುಚ್ಚಿಟ್ಟರೂ ಅದು ದಾರಿ ತಪ್ಪಿಸುವ ಜಾಹೀರಾತೇ. ಇಂಥ ಜಾಹೀರಾತು ತಡೆಯಲೆಂದೇ ಬಂದ 2022ರ ಮಾರ್ಗಸೂಚಿ ಇನ್ನೂ ಸ್ಪಷ್ಟ: ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು. ಮೇಲೆ ಸುಳ್ಳು ಹೇಳಿ ಕೆಳಗೆ ಷರತ್ತಿನಲ್ಲಿ ತಿದ್ದಿದರೆ ನಡೆಯುವುದಿಲ್ಲ.

ಮೊದಲು ಸಾಕ್ಷಿ. ಅನುಮಾನ ಬಂದ ದಿನವೇ ಫೋಟೊ ತೆಗೆಯಿರಿ. ಫ್ಲೆಕ್ಸ್ ಪೂರ್ತಿ ಒಂದು, ಸಣ್ಣ ಅಕ್ಷರದ್ದು ಒಂದು, ಪಕ್ಕದ ಅಂಗಡಿ ಬೋರ್ಡು ಕಾಣುವಂತೆ ಇನ್ನೊಂದು. ವಾಟ್ಸ್‌ಆ್ಯಪ್ ಪೋಸ್ಟರ್, ಟಿಕೆಟ್, ಫೋನ್‌ಪೇ ರಸೀದಿ ಅಳಿಸಬೇಡಿ. ಮೊಬೈಲ್ ಫೋಟೊ ಕೋರ್ಟಿಗೆ ಕೊಡುವಾಗ, ಅದು ಯಾವ ಫೋನಿನದು, ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರ ಜೊತೆಗಿರಬೇಕು. ವಕೀಲರು ಮಾಡಿಸಿಕೊಡುತ್ತಾರೆ.

ಆಮೇಲೆ ಕಲಾವಿದರನ್ನೇ ಕೇಳಿ. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಅವರ ಮ್ಯಾನೇಜರ್‌ಗೋ ಅಧಿಕೃತ ಪುಟಕ್ಕೋ ಒಂದು ಸಂದೇಶ ಕಳಿಸಿ: ‘ಇಂಥ ದಿನ ಕಲಬುರಗಿಗೆ ಬರುತ್ತೀರಾ?’ ಇಲ್ಲ ಎಂಬ ಉತ್ತರ ಬಂದರೆ ಅದೇ ದೊಡ್ಡ ಸಾಕ್ಷಿ. ಒಪ್ಪಿಗೆ ಇಲ್ಲದೆ ಹೆಸರು, ಮುಖ ಬಳಸಿದ್ದಕ್ಕೆ ತಡೆಯಾಜ್ಞೆ ಕೇಳುವ ಗಟ್ಟಿ ಹಕ್ಕು ಇರುವುದೂ ಅವರಿಗೇ.

ಕಾರಣ ಹೇಳುತ್ತೇನೆ. ಜನ ‘ಸ್ಟೇ’ ಅನ್ನುವ ಮಧ್ಯಂತರ ತಡೆಯಾಜ್ಞೆ ಕೊಡುವ ಮೊದಲು ಸಿವಿಲ್ ನ್ಯಾಯಾಲಯ ಮೂರು ಮಾತು ನೋಡುತ್ತದೆ. ಮೇಲ್ನೋಟಕ್ಕೆ ನಿಮ್ಮ ಕೇಸಿನಲ್ಲಿ ಹುರುಳಿದೆಯಾ? ತಡೆ ಕೊಟ್ಟರೆ, ಕೊಡದಿದ್ದರೆ ಯಾರಿಗೆ ಕಷ್ಟ ಜಾಸ್ತಿ? ಆಗುವ ನಷ್ಟ ಹಣದಿಂದ ತುಂಬಲಾಗದಂಥದ್ದಾ? ಮೂರನೆಯದರಲ್ಲಿ ಟಿಕೆಟ್ ಕೊಂಡವರು ಸಿಕ್ಕಿಬೀಳುತ್ತಾರೆ. ಐನೂರು ರೂಪಾಯಿ ವಾಪಸ್ ಕೊಟ್ಟರೆ ಮುಗಿಯಿತಲ್ವಾ ಎಂದು ಎದುರಿನ ವಕೀಲರು ವಾದಿಸುತ್ತಾರೆ. ಕಲಾವಿದರ ಹೆಸರು ಕೆಟ್ಟರೆ ಹಾಗೆ ಹೇಳಲಾಗದು.

ಟಿಕೆಟ್ ಕೊಂಡವರ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಸಂಘಟಕರು ಬೆಂಗಳೂರು, ಹೈದರಾಬಾದಿನವರಾದರೂ ನೀವು ಕಲಬುರಗಿಯಲ್ಲಿದ್ದರೆ ಇಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮೋಸ ಹೋದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಿಗೇ ದೂರಬಹುದು. ದೂರಿನ ಜೊತೆ ಮಧ್ಯಂತರ ಆದೇಶದ ಅರ್ಜಿ ಬೇರೆಯಾಗಿ ಹಾಕಿ, ಕಾರ್ಯಕ್ರಮದ ದಿನಾಂಕ ಮೊದಲ ಸಾಲಿನಲ್ಲೇ ಬರೆಯಿರಿ. ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೂ ತಿಳಿಸಿ, ಆದರೆ ಅಲ್ಲಿ ತಡೆಯಾಜ್ಞೆ ಸಿಗುವುದಿಲ್ಲ.

ಏನು ಕೇಳಬೇಕು? ‘ಶೋ ನಿಲ್ಲಿಸಿ’ ಎಂದು ಕೇಳಬೇಡಿ. ವೇದಿಕೆ ಕಟ್ಟುವವರು, ತಬಲಾದವರು, ಹಾಡಲು ಬಂದ ನಮ್ಮೂರ ಹುಡುಗರು, ಇವರ ಹೊಟ್ಟೆಯೂ ಅದರಲ್ಲಿದೆ. ಸುಳ್ಳು ಹೆಸರು, ಮುಖ ತೆಗೆಯಲಿ, ಯಾರು ಹಾಡುತ್ತಾರೆಂದು ಅಷ್ಟೇ ದೊಡ್ಡದಾಗಿ ಹೊಸ ಜಾಹೀರಾತು ಕೊಡಲಿ, ಬೇಡವೆಂದವರಿಗೆ ಹಣ ಮರಳಿಸಲಿ ಎಂದು ಕೇಳಿ. ತಪ್ಪಿನ ಅಳತೆಗೆ ತಕ್ಕ ಕೋರಿಕೆಯನ್ನು ಒಪ್ಪಿಸುವುದು ಸುಲಭ.

ಆದೇಶ ಸಿಕ್ಕ ಮೇಲೆ ಸುಮ್ನೆ ಕೂರಬೇಡಿ. ಸಿವಿಲ್ ನ್ಯಾಯಾಲಯವು ಎದುರಿನವರಿಗೆ ನೋಟಿಸ್ ಇಲ್ಲದೆ ಕೊಟ್ಟ ತಡೆಯಾದರೆ, ದಾವೆ, ಅರ್ಜಿ, ಅಫಿಡವಿಟ್, ದಾಖಲೆಗಳ ಪ್ರತಿಯನ್ನು ಕೂಡಲೇ ಅವರಿಗೆ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಹಾಗೆ ಮಾಡಿದ್ದೇವೆಂಬ ಅಫಿಡವಿಟ್ಟನ್ನು ಅಂದೇ ಅಥವಾ ಮರುದಿನ ಕೋರ್ಟಿಗೆ ಸಲ್ಲಿಸಬೇಕು. ಇದು ತಪ್ಪಿದರೆ ಸಿಕ್ಕ ತಡೆಯೂ ಕೈಬಿಟ್ಟು ಹೋದೀತು. ಆದೇಶ ಮೀರಿದವರ ಆಸ್ತಿ ಜಪ್ತಿ ಮಾಡಲು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಲು ಸಿವಿಲ್ ಕೋರ್ಟಿಗೆ ಅಧಿಕಾರವಿದೆ. ಮೈದಾನದ ಮಾಲೀಕರಿಗೂ ಟಿಕೆಟ್ ಮಾರುವ ಅಂಗಡಿಗೂ ಒಂದೊಂದು ಪ್ರತಿ ಕೊಡಿ.

ಶೋ ಮುಗಿದುಹೋಗಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. ಆಗ ಗ್ರಾಹಕರ ಆಯೋಗದಲ್ಲಿ ಹಣ, ಪರಿಹಾರ ಕೇಳಲು ಎರಡು ವರ್ಷ ಸಮಯವಿದೆ. ನನ್ನ ಎರಡು ವರ್ಷ ಕಳೆದುಹೋಯಿತು. ಅವ್ವನ ಟಿಕೆಟ್ ಇನ್ನೂ ಪಂಚಾಂಗದ ಪುಟದ ನಡುವೆ ಇದೆ.