ಅಸ್ಸಾಮಿನಿಂದ ಬಂದವರು, ಅಮೆರಿಕಕ್ಕೆ ಹೋದವರು: ವಲಸೆಯ ಲೆಕ್ಕ ನಾನು ಹುಡುಕಿದ ಬಗೆ

ಹಾಸನದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್‌.ಡಿ. ನಡೆದಿದೆ, ವಿಷಯ ವಲಸೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಕೆಲಸಕ್ಕೆ ಬರುವವರು ಒಂದು ಕಡೆ. ಅದೇ ಸೀಮೆಯಿಂದ ಓದಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಸೇರಿದ ಮಕ್ಕಳು ಇನ್ನೊಂದು ಕಡೆ. ಊರಲ್ಲಿ ಯಾರನ್ನು ಕೇಳಿದರೂ ಎರಡಕ್ಕೂ ಒಂದೇ ಉತ್ತರ: "ಅಯ್ಯೋ, ಸಾವಿರಾರು ಜನ ಬಿಡಿ ಮೇಡಂ." ಅದನ್ನು ಪ್ರಬಂಧದಲ್ಲಿ ಬರೆಯೋಕೆ ಆಗಲ್ಲ ಅಲ್ವಾ?

ಈ ಎರಡೂ ಲೆಕ್ಕಕ್ಕೆ ಕೊನೆಗೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ವಲಸೆಯ ಕೋಷ್ಟಕಗಳಲ್ಲ, ಭಾಷೆಯ ಕೋಷ್ಟಕಗಳು. ಇದೇ ದಾರಿಯಲ್ಲಿ ಹುಡುಕುವವರಿಗೆ ಅನುಕೂಲವಾಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಎಲ್ಲರಂತೆ ಮೊದಲು ನೋಡಿದ್ದು ಜನಗಣತಿಯ ವಲಸೆ ಕೋಷ್ಟಕಗಳನ್ನೇ. ರಿಜಿಸ್ಟ್ರಾರ್ ಜನರಲ್ ಕಚೇರಿಯ ಜಾಲತಾಣದಲ್ಲಿ 'ಡಿ' ಸಾಲಿನಲ್ಲಿ ಸಿಗುತ್ತವೆ. ಹುಟ್ಟಿದ ಜಾಗ, ಹಿಂದೆ ವಾಸವಿದ್ದ ಜಾಗ, ಬಂದು ಎಷ್ಟು ವರ್ಷವಾಯಿತು, ಯಾಕೆ ಬಂದರು, ಎಲ್ಲ ಇದೆ. ಎಕ್ಸೆಲ್ ಕಡತ, ಉಚಿತ. ಹಿಂದಿನ ವಾಸಸ್ಥಳದ ಲೆಕ್ಕದಲ್ಲಿ 2001ರಲ್ಲಿ ದೇಶದಲ್ಲಿ ಸುಮಾರು 31.5 ಕೋಟಿ ವಲಸಿಗರು, 2011ರಲ್ಲಿ ಸುಮಾರು 45.6 ಕೋಟಿ. ಕೇಳೋಕೆ ದೊಡ್ಡ ಸಂಖ್ಯೆ. ಆದರೆ ಅರಸೀಕೆರೆಯಿಂದ ಬೇಲೂರಿಗೆ ಮದುವೆಯಾಗಿ ಬಂದ ನಮ್ಮಮ್ಮನೂ ಆ 45 ಕೋಟಿಯಲ್ಲಿ ಒಬ್ಬರು. ದೇಶದ ಹೆಂಗಸರ ವಲಸೆಗೆ ದೊಡ್ಡ ಕಾರಣ ಮದುವೆ. ಹಾಗಾಗಿ ಒಟ್ಟು ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಬೇರೆ ರಾಜ್ಯದಿಂದ ಬಂದವರು ಮತ್ತು ಕೆಲಸಕ್ಕಾಗಿ ಬಂದವರು ಎಂಬ ಎರಡು ಸಾಲುಗಳನ್ನಷ್ಟೇ ತೆಗೆದುಕೊಂಡೆ.

ಅದರಲ್ಲೂ ತೊಡಕಿದೆ. 2011ರ ಗಣತಿದಾರರು ಮನೆಮನೆಗೆ ಬಂದದ್ದು ಫೆಬ್ರವರಿ 9ರಿಂದ 28ರವರೆಗೆ. ಕಾಫಿ ಗೊತ್ತಿರುವವರಿಗೆ ಈ ತಾರೀಖು ಏನೆಂದು ತಕ್ಷಣ ಹೊಳೆಯುತ್ತದೆ. ಅರೇಬಿಕಾ ಕುಯ್ಲು ಹೆಚ್ಚುಕಡಿಮೆ ಜನವರಿಗೆ ಮುಗಿಯುತ್ತದೆ, ಆ ಗುಂಪುಗಳು ಹೊರಟಿರುತ್ತವೆ. ರೋಬಸ್ಟಾ ಕುಯ್ಲಿನವರು ಮಾತ್ರ ಇರುತ್ತಾರೆ. ಅಂದರೆ ಎರಡು ತೋಟ, ಎರಡು ತಳಿ, ಎರಡು ಲೆಕ್ಕ. ಒಂದೇ ವರ್ಷದ ಒಂದೇ ಗಣತಿ, ಆದರೂ ಚಿಕ್ಕಮಗಳೂರಿನ ಎತ್ತರದ ಅರೇಬಿಕಾ ತೋಟಗಳನ್ನೂ ತಗ್ಗಿನ ರೋಬಸ್ಟಾ ತೋಟಗಳನ್ನೂ ಅದು ಒಂದೇ ಥರ ಹಿಡಿಯಲಾರದು. ಇದನ್ನು ಯಾವ ಅಡಿಟಿಪ್ಪಣಿಯಲ್ಲೂ ಬರೆದಿರುವುದಿಲ್ಲ.

ಆಮೇಲೆ ಕಾರ್ಮಿಕ ಬಲ ಸಮೀಕ್ಷೆ, ಎಲ್ಲರೂ ಪಿಎಲ್‌ಎಫ್‌ಎಸ್ ಅನ್ನುತ್ತಾರೆ. 2020ರ ಜುಲೈಯಿಂದ 2021ರ ಜೂನ್‌ವರೆಗಿನ ಸುತ್ತಿನಲ್ಲಿ ವಲಸೆಯ ಪ್ರಶ್ನೆಗಳನ್ನೂ ಕೇಳಿದ್ದರು. ದೇಶದಲ್ಲಿ ವಲಸೆಯ ಪ್ರಮಾಣ ಶೇ. 28.9. ಗಂಡಸರಲ್ಲಿ ಶೇ. 10.7, ಹೆಂಗಸರಲ್ಲಿ ಶೇ. 47.9. ಇಲ್ಲಿ ವಾಸ ಎಂದರೆ ಆರು ತಿಂಗಳು ಅಥವಾ ಜಾಸ್ತಿ ಒಂದೇ ಕಡೆ ಇರುವುದು. ಮೂರು ತಿಂಗಳ ಕುಯ್ಲಿಗೆ ಬಂದು ಹೋಗುವವರು ಈ ಅಳತೆಗೆ ಸಿಗುವುದಿಲ್ಲ. ಅವರ ಲೆಕ್ಕ ಬೇಕಿದ್ದರೆ 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತಿಗೆ ಹೋಗಬೇಕು. ಕೆಲಸಕ್ಕಾಗಿ ಒಂದು ತಿಂಗಳಿಂದ ಆರು ತಿಂಗಳೊಳಗೆ ಊರು ಬಿಟ್ಟವರನ್ನು ಅದರಲ್ಲಿ ಬೇರೆಯಾಗಿ ಎಣಿಸಿದ್ದಾರೆ. ಹಳೆಯದು, ಆದರೆ ಪ್ರಶ್ನೆ ಸರಿಯಾಗಿದೆ.

ಈ ಎರಡರ ಮೂಲ ದತ್ತಾಂಶವೂ ಅಂಕಿಅಂಶ ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿದೆ. ಹೆಸರು ನೋಂದಾಯಿಸಿ, ಯಾಕೆ ಬೇಕು ಎಂದು ಎರಡು ಸಾಲು ಬರೆದರೆ ಡೌನ್‌ಲೋಡ್ ಆಗುತ್ತದೆ. ತೆರೆದರೆ ಬರೀ ಅಂಕಿಗಳ ಸಾಲು. ಗಾಬರಿ ಬೇಡ. ಜೊತೆಗೆ ಲೇಔಟ್ ಎಂಬ ಕಡತ ಇರುತ್ತದೆ. ಎಷ್ಟನೇ ಅಂಕಿಯಿಂದ ಎಷ್ಟನೇ ಅಂಕಿಯವರೆಗೆ ಯಾವ ಮಾಹಿತಿ ಎಂದು ಅದು ಹೇಳುತ್ತದೆ. ಮಲ್ಟಿಪ್ಲೈಯರ್ ಎಂಬ ಕಾಲಂ ಮರೆಯಬೇಡಿ. ಸಮೀಕ್ಷೆಯ ಒಬ್ಬ ವ್ಯಕ್ತಿ ಹೊರಗಿನ ಎಷ್ಟು ಜನರ ಪರವಾಗಿ ನಿಂತಿದ್ದಾನೆ ಎಂಬುದು ಅದು. ಈ ಹಳೆಯ ಸುತ್ತುಗಳಿಂದ ರಾಜ್ಯಮಟ್ಟದ ಲೆಕ್ಕ ತೆಗೆಯಿರಿ, ಒಂದು ಜಿಲ್ಲೆಯದ್ದು ಬೇಡ. ಜಿಲ್ಲೆಯಲ್ಲಿ ಆರಿಸಿದ ಕೆಲವೇ ಹಳ್ಳಿಗಳಲ್ಲಿ ಒಂದು ಲೈನ್ ಮನೆ (ತೋಟದ ಆಳುಗಳ ಸಾಲುಮನೆ) ಸಿಕ್ಕರೂ ಲೆಕ್ಕ ಏರುತ್ತದೆ, ಸಿಗದಿದ್ದರೆ ಸೊನ್ನೆ.

ಇನ್ನು ಭಾಷೆಯ ಕೋಷ್ಟಕ. ಜನಗಣತಿಯಲ್ಲಿ 'ಸಿ-16' ಎಂಬುದು ಮಾತೃಭಾಷೆಯ ಲೆಕ್ಕ. ರಾಜ್ಯ, ಜಿಲ್ಲೆ ಅಷ್ಟೇ ಅಲ್ಲ, ತಾಲ್ಲೂಕಿನವರೆಗೂ ಇಳಿಯುತ್ತದೆ. ವಲಸೆಯ ಕೋಷ್ಟಕದಲ್ಲಿ ನನಗೆ ಸಿಗದೇ ಹೋದದ್ದು ಇದೇ. ಮೂಡಿಗೆರೆ ತಾಲ್ಲೂಕಿನಲ್ಲಿ ತಮಿಳು ಎಷ್ಟು, ತುಳು ಎಷ್ಟು, ನರಸಿಂಹರಾಜಪುರದಲ್ಲಿ ಮಲಯಾಳ ಎಷ್ಟು ಎಂದು ಬಿಡಿಯಾಗಿ ನೋಡಬಹುದು. ತೋಟಗಳ ಹಳೆಯ ಕಥೆ ಅಲ್ಲೇ ಕಾಣುತ್ತದೆ. ಘಟ್ಟದ ಕೆಳಗಿನವರು ತುಳುವಿನಲ್ಲಿ, ತಮಿಳುನಾಡಿನಿಂದ ಬಂದು ತಲೆಮಾರುಗಳಿಂದ ಲೈನ್‌ಗಳಲ್ಲಿ ಇರುವವರು ತಮಿಳಿನಲ್ಲಿ, ರಬ್ಬರು, ಮೆಣಸು ಬೆಳೆಯಲು ಬಂದ ಕೇರಳದವರು ಮಲಯಾಳದಲ್ಲಿ. 2001 ಮತ್ತು 2011ರ ಕೋಷ್ಟಕ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಗುಂಪು ಬೆಳೆಯುತ್ತಿದೆ, ಯಾವುದು ಕರಗುತ್ತಿದೆ ಎಂದು ಗೊತ್ತಾಗುತ್ತದೆ.

ಆದರೆ ಇಲ್ಲಿ ಕಣ್ಣುಮುಚ್ಚಿ ಕೂಡಿಸುವ ಹಾಗಿಲ್ಲ. ಹಿಂದಿ ಎಂಬ ತಲೆಬರಹ ನೋಡಿ, "ಓ, ಉತ್ತರದವರು ಇಷ್ಟು ಜನ ಬಂದಿದ್ದಾರೆ" ಎಂದು ತೀರ್ಮಾನಿಸುವವರು ಬೇಕಾದಷ್ಟಿದ್ದಾರೆ. ಜನಗಣತಿಯವರು ಹಲವು ಮಾತೃಭಾಷೆಗಳನ್ನು ಹಿಂದಿಯ ಕೆಳಗೆ ಸೇರಿಸುತ್ತಾರೆ. ಲಂಬಾಣಿ ಕೂಡ ಅದರಲ್ಲಿದೆ. ಕಡೂರು, ತರೀಕೆರೆ ಕಡೆಯ ತಾಂಡಾಗಳಲ್ಲಿ ತಲೆತಲಾಂತರದಿಂದ ಇರುವವರು ಹೀಗೆ ಕೋಷ್ಟಕದಲ್ಲಿ ಹಿಂದಿಯವರಾಗಿ ಕಾಣುತ್ತಾರೆ! ಹಿಂದಿಯ ಒಟ್ಟು ಸಾಲು ಬಿಟ್ಟು ಅದರ ಒಳಸಾಲುಗಳಿಗೆ ಇಳಿಯಬೇಕು. ಲಂಬಾಣಿಯನ್ನು ತೆಗೆದುಹಾಕಿ, ಸಾದ್ರಿ, ಭೋಜಪುರಿ ಇವನ್ನು ಬೇರೆ ಮಾಡಿ.

ಸಾದ್ರಿ ನನಗೆ ಬಹಳ ಮುಖ್ಯವಾಯಿತು. ಜಾರ್ಖಂಡಿನ ಆದಿವಾಸಿಗಳೂ ಅಸ್ಸಾಮಿನ ಚಹಾ ತೋಟಗಳ ಕಾರ್ಮಿಕ ಕುಟುಂಬಗಳೂ ಆಡುವ ಮಾತು ಅದು. ಈ ಕಾರ್ಮಿಕ ಕುಟುಂಬಗಳ ಅಜ್ಜ ಮುತ್ತಜ್ಜಂದಿರನ್ನು ಬ್ರಿಟಿಷರ ಕಾಲದಲ್ಲಿ ಜಾರ್ಖಂಡ್ ಸೀಮೆಯ ಛೋಟಾನಾಗಪುರದಿಂದ ಅಸ್ಸಾಮಿನ ಚಹಾ ತೋಟಗಳಿಗೆ ಕರೆದೊಯ್ದಿದ್ದರು. ಈಗ ಮೊಮ್ಮಕ್ಕಳು ಕಾಫಿ ತೋಟಕ್ಕೆ ಬಂದಿದ್ದಾರೆ. ಹೀಗಾಗಿ ನಾವು ಊರಲ್ಲಿ ಸುಮ್ನೆ 'ಅಸ್ಸಾಮಿಗಳು' ಎನ್ನುವ ಗುಂಪು ಕೋಷ್ಟಕದಲ್ಲಿ ಅಸ್ಸಾಮಿ, ಬಂಗಾಳಿ, ಹಿಂದಿಯೊಳಗಿನ ಸಾದ್ರಿ, ಮತ್ತೆ ಜಾರ್ಖಂಡ್ ಕಡೆಯ ಆದಿವಾಸಿ ಭಾಷೆಗಳಾದ ಸಂತಾಲಿ, ಕುರುಖ್, ಮುಂಡಾರಿ ಎಂದು ಹರಿದು ಹಂಚಿಹೋಗಿರುತ್ತದೆ. ಮನೆಯಲ್ಲಿ ಬಂಗಾಳಿ ಆಡುವವರು ಅಸ್ಸಾಮಿ ಎಂದು ಬರೆಸುವುದೂ ಉಂಟು. ಎಲ್ಲ ಸಾಲುಗಳನ್ನೂ ಎತ್ತಿಕೊಂಡರೆ ಮಾತ್ರ ಚಿತ್ರ ಸಿಗುತ್ತದೆ. ಕುರುಖ್‌ನಂಥ ಭಾಷೆಯ ಒಂದು ಲಾಭವೆಂದರೆ ಮಲೆನಾಡಿನಲ್ಲಿ ಅದನ್ನಾಡುವ ಮೂಲನಿವಾಸಿ ಯಾರೂ ಇಲ್ಲ. ಕಂಡರೆ ಹೊರಗಿಂದ ಬಂದವರೇ ಅಥವಾ ಅವರ ಮಕ್ಕಳೇ.

2011ರ ಆಚೆಗಿನ ಹತ್ತು ಹದಿನೈದು ವರ್ಷಕ್ಕೆ ಏನು ಮಾಡುವುದು? ಇಲ್ಲಿ ತೋಟದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಕೈಹಿಡಿಯಿತು. ಪರಿಚಯದವರ ಕೆಲವು ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್ ಪಕ್ಕ ಕುಳಿತು, ತಿಂಗಳುವಾರು ಎಷ್ಟು ಆಳು, ಯಾವ ರಾಜ್ಯ, ಎಷ್ಟು ದಿನ ಕೆಲಸ ಎಂದು ಎಣಿಸಿಕೊಂಡೆ. "ಹೆಸರು ಬರ್ಕೋಬೇಡಿ ಮೇಡಂ" ಎಂದರು ಒಬ್ಬ ರೈಟರ್. ನನಗೂ ಹೆಸರು ಬೇಕಿರಲಿಲ್ಲ. ಆಳುಗಳೆಲ್ಲ ಅವರನ್ನು ಕರೆತಂದ ಮೇಸ್ತ್ರಿಯ ಲೆಕ್ಕದಲ್ಲಿರುವ ತೋಟಗಳಲ್ಲಿ ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು ಒಂದೇ ಇರುತ್ತದೆ, ಮುಂದೆ ಕುಯ್ದ ಹಣ್ಣಿನ ಕಿಲೋ. ಅಂಥ ಕಡೆ ಮೇಸ್ತ್ರಿಯನ್ನೇ ಕೇಳಬೇಕು. ಇದು ಜಿಲ್ಲೆಯ ಲೆಕ್ಕವಲ್ಲ. ಆದರೆ ಯಾವ ತಿಂಗಳು ಜನ ಏರುತ್ತಾರೆ, ಯಾವಾಗ ಇಳಿಯುತ್ತಾರೆ ಎಂಬುದನ್ನು ಇಷ್ಟು ಚೆನ್ನಾಗಿ ಹೇಳುವ ಸರ್ಕಾರಿ ದಾಖಲೆ ನಾನು ನೋಡಿಲ್ಲ.

ಮಾಹಿತಿ ಹಕ್ಕಿನ ಅರ್ಜಿಯ ಬಗ್ಗೆ ಒಂದು ಮಾತು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಜಿಲ್ಲೆಯಲ್ಲಿ ಎಷ್ಟು ವಲಸೆ ಕಾರ್ಮಿಕರಿದ್ದಾರೆ" ಎಂದು ಕೇಳಿದರೆ "ಮಾಹಿತಿ ಲಭ್ಯವಿಲ್ಲ" ಎಂದೇ ಬರುತ್ತದೆ, ನನಗೂ ಬಂತು. ಇಲ್ಲದ ಲೆಕ್ಕವನ್ನು ಹೊಸದಾಗಿ ಮಾಡಿ ಕೊಡಿ ಎಂದು ಆ ಕಾಯ್ದೆಯಡಿ ಕೇಳಲು ಬರುವುದಿಲ್ಲ. ಇರುವ ರಿಜಿಸ್ಟರ್‌ನ ಪ್ರತಿ ಕೇಳಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಡಿ ಐದು ಅಥವಾ ಹೆಚ್ಚು ಹೊರರಾಜ್ಯದ ಕಾರ್ಮಿಕರನ್ನು ತರುವ ಗುತ್ತಿಗೆದಾರರು ಲೈಸೆನ್ಸ್ ಪಡೆಯಬೇಕಿತ್ತು. "ಇಂಥ ವರ್ಷ ಕೊಟ್ಟ ಲೈಸೆನ್ಸ್‌ಗಳ ಪಟ್ಟಿ" ಎಂದು ಕೇಳಿದರೆ ಅದು ದಾಖಲೆ. ಪಟ್ಟಿ ಚಿಕ್ಕದಾಗಿ ಬಂದರೆ ಅದೂ ಒಂದು ಮಾಹಿತಿಯೇ.

ಈಗ ಹೊರಗೆ ಹೋದವರು. ಇಲ್ಲಿ ಭಾರತದ ದಾಖಲೆಗಳು ಅರ್ಧ ದಾರಿಯಲ್ಲೇ ಕೈಬಿಡುತ್ತವೆ. ಹೊರಹೋಗಲು ಎಮಿಗ್ರೇಷನ್ ಅನುಮತಿ ಬೇಕಿರುವುದು ಗಲ್ಫ್ ಸೇರಿ 18 ದೇಶಗಳಿಗೆ, ಅದೂ ಹೆಚ್ಚಾಗಿ ಎಸ್‌ಎಸ್‌ಎಲ್‌ಸಿ ಆಗದವರಿಗೆ. ಕುವೈತ್‌ಗೆ ಹೋಗುವ ಡ್ರೈವರ್ ಆ ಲೆಕ್ಕದಲ್ಲಿ ಸಿಗಬಹುದು, ಡಲ್ಲಾಸ್‌ಗೆ ಹೋದ ಎಂಜಿನಿಯರ್ ಸಿಗುವುದೇ ಇಲ್ಲ. ಹೊರದೇಶಗಳಲ್ಲಿರುವ ಭಾರತೀಯರ ಬಗ್ಗೆ ವಿದೇಶಾಂಗ ಸಚಿವಾಲಯದ ದೇಶವಾರು ಪಟ್ಟಿಯಲ್ಲಿ 3 ಕೋಟಿಗೂ ಹೆಚ್ಚು ಜನ. ವಿಶ್ವಸಂಸ್ಥೆಯ 2020ರ ಅಂದಾಜು 1.79 ಕೋಟಿ. ಯಾವುದೂ ಸುಳ್ಳಲ್ಲ. ವಿಶ್ವಸಂಸ್ಥೆ ಭಾರತದಿಂದ ಹೋಗಿ ನೆಲೆಸಿದವರನ್ನು ಎಣಿಸುತ್ತದೆ, ಸಚಿವಾಲಯ ಭಾರತ ಮೂಲದ ಮಕ್ಕಳು ಮೊಮ್ಮಕ್ಕಳನ್ನೂ ಸೇರಿಸುತ್ತದೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದ ಪ್ರಬಂಧಗಳನ್ನು ನೋಡಿ ನನಗೆ ಸಿಟ್ಟು ಬರುತ್ತದೆ.

ಹೋದ ದೇಶದ ದಾಖಲೆಯಲ್ಲಿ ಹುಟ್ಟಿದ ಜಾಗ ಎಂದರೆ ಬರೀ 'ಇಂಡಿಯಾ'. ಹಾಸನವೂ ಇಲ್ಲ, ಕರ್ನಾಟಕವೂ ಇಲ್ಲ. ಮತ್ತೆ ಭಾಷೆಗೇ ಹೋಗಬೇಕು. ಅಮೆರಿಕದ ಜನಗಣತಿ ಬ್ಯೂರೋ ಪ್ರತಿ ವರ್ಷ ನಡೆಸುವ ಅಮೆರಿಕನ್ ಕಮ್ಯೂನಿಟಿ ಸರ್ವೇಯಲ್ಲಿ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂಬ ಪ್ರಶ್ನೆ ಇದೆ. ಸಿದ್ಧ ಕೋಷ್ಟಕದಲ್ಲಿ ತಮಿಳು, ತೆಲುಗು ಬೇರೆ ಬೇರೆ ಇವೆ. ನಮ್ಮ ಕನ್ನಡ ಮಾತ್ರ ಮಲಯಾಳ ಮತ್ತು ಉಳಿದ ದ್ರಾವಿಡ ಭಾಷೆಗಳ ಜೊತೆ ಒಂದೇ ಸಾಲಿನಲ್ಲಿ. ಅಲ್ಲಿಗೇ ನಿಲ್ಲಿಸಬೇಡಿ. ಅದೇ ಸಮೀಕ್ಷೆಯ ವ್ಯಕ್ತಿವಾರು ಕಡತ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಕೇತ ಸಂಖ್ಯೆ ಇದೆ. ಕನ್ನಡ, ಹುಟ್ಟಿದ್ದು ಭಾರತ, ಈ ಎರಡನ್ನೂ ಒಟ್ಟಿಗೆ ಹಾಕಿ ಸೋಸಿದರೆ ಅಲ್ಲೇ ಹುಟ್ಟಿದ ಮಕ್ಕಳು ಹೊರಗುಳಿಯುತ್ತಾರೆ. ಬಂದ ವರ್ಷ, ಓದು, ಕೆಲಸ ಎಲ್ಲ ಸಿಗುತ್ತದೆ. ಸಂಖ್ಯೆ ಚಿಕ್ಕದಾದ್ದರಿಂದ ಒಂದು ವರ್ಷದ ಕಡತ ಸಾಲದು, ಐದು ವರ್ಷದ್ದು ಒಟ್ಟಾಗಿರುವುದನ್ನೇ ತೆಗೆದುಕೊಳ್ಳಿ.

ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್‌-1ಬಿ ವೀಸಾದ ಅಂಕಿಗಳನ್ನು ನಾನು ಬಿಟ್ಟೇ ಬಿಟ್ಟೆ. ಅಲ್ಲಿ ಎಣಿಸುವುದು ಅರ್ಜಿಗಳನ್ನು, ಮನುಷ್ಯರನ್ನಲ್ಲ. ನವೀಕರಣಕ್ಕೂ ಕಂಪನಿ ಬದಲಿಸಿದ್ದಕ್ಕೂ ಬೇರೆ ಬೇರೆ ಅರ್ಜಿ ಇರುತ್ತದೆ. ವರ್ಷವೂ ನಮ್ಮ ವರ್ಷವಲ್ಲ, ಅಕ್ಟೋಬರ್‌ನಿಂದ ಸೆಪ್ಟೆಂಬರ್.

ಕೆನಡಾದ 2021ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರ ಸಾಲು ನೇರವಾಗಿಯೇ ಇದೆ. ಆಸ್ಟ್ರೇಲಿಯಾದಲ್ಲೂ ಅದೇ ವರ್ಷದ ಗಣತಿಯಲ್ಲಿ ಮನೆಭಾಷೆಯಾಗಿ ಕನ್ನಡ ಸಿಗುತ್ತದೆ. ಟೇಬಲ್‌ಬಿಲ್ಡರ್ ಎಂಬ ಸಾಧನದಲ್ಲಿ ಖಾತೆ ತೆರೆದರೆ ಊರುವಾರು ನೀವೇ ಕೋಷ್ಟಕ ಕಟ್ಟಿಕೊಳ್ಳಬಹುದು. ಆದರೆ ಜನರ ಗುಟ್ಟು ಕಾಪಾಡಲು ಕೆನಡಾದವರು ಸಂಖ್ಯೆಯನ್ನು ಐದರ ಗುಣಕಕ್ಕೆ ಹೊಂದಿಸುತ್ತಾರೆ, ಆಸ್ಟ್ರೇಲಿಯಾದವರು ಚೂರು ಅಲುಗಾಡಿಸುತ್ತಾರೆ. ಬಿಡಿ ಊರುಗಳನ್ನು ಕೂಡಿದರೆ ಒಟ್ಟು ತಾಳೆಯಾಗದು. ನಿಮ್ಮ ಕೂಡಿಕೆ ತಪ್ಪಿಲ್ಲ. ಒಟ್ಟನ್ನು ಒಟ್ಟಿನ ಸಾಲಿನಿಂದಲೇ ತೆಗೆದುಕೊಳ್ಳಿ.

ಈ ಲೆಕ್ಕವನ್ನು 'ಹಾಸನ, ಚಿಕ್ಕಮಗಳೂರಿನವರು' ಎಂದು ನಾನು ಎಲ್ಲೂ ಬರೆದಿಲ್ಲ. ಬೆಂಗಳೂರು, ಹುಬ್ಬಳ್ಳಿಯ ಕನ್ನಡಿಗರೂ ಅದರಲ್ಲಿದ್ದಾರೆ. ನಮ್ಮೂರಿನ ಉರ್ದು, ತುಳು, ಕೊಂಕಣಿ ಮನೆಗಳವರು ಅದರಲ್ಲಿಲ್ಲ. 'ಭಾರತದಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಆಡುವವರು' ಎಂದಷ್ಟೇ ಬರೆದೆ. ಗೈಡ್ ಅದಕ್ಕೆ ಒಪ್ಪಿದರು.

ಮುಂದಿನ ಜನಗಣತಿಯ ಆಧಾರ ದಿನ, ಅಂದರೆ ಯಾವ ದಿನದ ಜನಸಂಖ್ಯೆ ಎಂದು ಲೆಕ್ಕ ಹಿಡಿಯುತ್ತಾರೋ ಆ ದಿನ, 2027ರ ಮಾರ್ಚ್ 1. ಅಂದರೆ ಎಣಿಕೆ ಮತ್ತೆ ಫೆಬ್ರವರಿಯಲ್ಲೇ, ರೋಬಸ್ಟಾ ಕುಯ್ಲಿನ ಹೊತ್ತಿಗೆ. ಆ ತಿಂಗಳ ಚೆಕ್‌ರೋಲ್‌ಗಳನ್ನು ತೋರಿಸುವಂತೆ ಪರಿಚಯದ ರೈಟರ್‌ಗಳಿಗೆ ಈಗಲೇ ಹೇಳಿಟ್ಟಿದ್ದೇನೆ. ತಾಲ್ಲೂಕುವಾರು ಸಿ-16 ಹೊರಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.