ಉಪ್ಪಿನ ಡಬ್ಬಿ, ಟ್ಯಾಂಕರ್ ನೀರು ಮತ್ತು ನಮ್ಮ ಹ್ಯುಮಿಡಿಫೈಯರ್

ಶಿವರಾತ್ರಿ ಹತ್ತಿರ ಬಂತೆಂದರೆ ಬೆಂಗಳೂರಿನ ನಮ್ಮ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕಾಗದದ ಕಾಟ ಶುರು. ಮಧ್ಯಾಹ್ನ ಹೊರಗಿನ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುತ್ತದೆ. ಹಾಳೆಯ ಅಂಚು ಮುದುಡುತ್ತದೆ, ಒಂದಕ್ಕೊಂದು ಅಂಟುತ್ತದೆ, ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಎಸಿ ಡಕ್ಟಿಗೆ ಗಂಟೆಗೆ 8 ಕೆಜಿ ಹಬೆ ಕೊಡುವ ಎಲೆಕ್ಟ್ರೋಡ್ ಹ್ಯುಮಿಡಿಫೈಯರ್ ಜೋಡಿಸಿದ್ದೇವೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಒಂದು ಬೇಸಿಗೆಯಲ್ಲಿ ಅದರ ಪ್ಯಾನೆಲ್ ಹಾಲ್‌ನ ತೇವಾಂಶ ಶೇ. 55 ಎಂದು ತೋರಿಸುತ್ತಿತ್ತು. ಆದರೂ ಆಪರೇಟರ್ ದಿನಾ ಬಂದು, "ಸಾರ್, ಹಾಳೆ ಮತ್ತೆ ಅಂಟ್ತಾ ಇದೆ" ಅನ್ನುತ್ತಿದ್ದರು. ನಾನು ಸೆಟ್ ಪಾಯಿಂಟ್ ಅನ್ನು, ಅಂದರೆ ಮೆಷಿನ್ ಕಾಯ್ದುಕೊಳ್ಳಬೇಕಾದ ತೇವಾಂಶವನ್ನು, 58 ಮಾಡಿದೆ, ಆಮೇಲೆ 60, 62. ಒಂದು ರಾತ್ರಿ ಪಾಳಿಯಲ್ಲಿ ಡಕ್ಟಿನ ಜಾಯಿಂಟಿನಿಂದ ನೀರು ತೊಟ್ಟಿಕ್ಕಿ ಕಾಗದದ ರೀಮುಗಳ ಮೇಲೆ ಬಿತ್ತು. ಡಕ್ಟಿನೊಳಗೆ ತೇವ ಮಿತಿಮೀರಿದಾಗ ಹಬೆ ನಿಲ್ಲಿಸಬೇಕಾದ ಹೈ ಲಿಮಿಟ್ ಸ್ವಿಚ್ಚನ್ನು ಯಾರೋ 95ಕ್ಕೆ ತಿರುಗಿಸಿಟ್ಟಿದ್ದರು. ಅದನ್ನು 85ಕ್ಕೆ ಇಳಿಸಿದೆ. ಬ್ಲೋವರ್ ನಿಂತರೆ ಹಬೆಯೂ ನಿಲ್ಲುತ್ತದೆಯೇ ಎಂದು ಬ್ಲೋವರ್ ಆಫ್ ಮಾಡಿಯೇ ನೋಡಿದೆ.

ತೇವಾಂಶ ಅಳೆಯುವ ಸೆನ್ಸರನ್ನೇ ಅನುಮಾನಿಸಬೇಕೆಂದು ಹೊಳೆದದ್ದು ಆಮೇಲೆ. ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ಅಡುಗೆ ಉಪ್ಪಿಗೆ ಒಂದಿಷ್ಟು ನೀರು ಹಾಕಿ, ಪೂರ್ತಿ ಕರಗದೆ ಕೆಸರಿನ ಹಾಗೆ ಉಳಿಯುವಂತೆ ಕಲಸಿ ಡಬ್ಬಿಯಲ್ಲಿಡಬೇಕು. ಮುಚ್ಚಳದ ತೂತಿನಲ್ಲಿ ಸೆನ್ಸರ್ ತೂರಿಸಿ, ಉಪ್ಪಿಗೆ ತಾಗದಂತೆ ಬಿಟ್ಟು, ಸಂದಿಯನ್ನು ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡಬೇಕು. 25 ಡಿಗ್ರಿಯಲ್ಲಿ ಒಳಗಿನ ತೇವಾಂಶ ಶೇ. 75ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮದು 83 ತೋರಿಸಿತು. ಜಾಲರಿ ಟೋಪಿಯ ತುಂಬ ಕಾಗದದ ದೂಳು. ತೊಳೆದು ಒಣಗಿಸಿದ ಮೇಲೂ 80. ಪ್ಯಾನೆಲ್‌ನಲ್ಲಿ 5 ಕಳೆದು, ಹಾಲ್‌ನಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಜೊತೆ ಇನ್ನೊಮ್ಮೆ ತಾಳೆ ನೋಡಿದೆ. ಅಷ್ಟು ದಿನ ನಾವು 55 ಅಂದುಕೊಂಡಿದ್ದು ನಿಜಕ್ಕೂ 47 ಆಗಿತ್ತು.

ಸೆಟ್ ಪಾಯಿಂಟ್ 55ಕ್ಕೆ ವಾಪಸು ತಂದೆ. ಎರಡು ವಾರ ನೆಮ್ಮದಿ. ಆಮೇಲೆ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಬಂತು, ಮೆಷಿನ್ ಮತ್ತೆ ಹಟ ಹಿಡಿಯಿತು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ತಾನೇ ನೀರು ಹೊರಚೆಲ್ಲುವ ಡ್ರೈನ್, ನೀರು ಕುದಿಯುವ ಸಿಲಿಂಡರ್ ತುಂಬ ನೊರೆ, ಕರೆಂಟ್ ಜಾಸ್ತಿಯಾಗಿ ಅಲಾರಂ.

ಇದರಲ್ಲಿ ಹೀಟರ್ ಕಾಯಿಲ್ ಇಲ್ಲ. ಎಲೆಕ್ಟ್ರೋಡ್‌ಗಳ ನಡುವೆ ಕರೆಂಟ್ ನೀರಿನಲ್ಲೇ ಹರಿದು ನೀರನ್ನು ಕುದಿಸುತ್ತದೆ. 8 ಕೆಜಿಗೆ ಸುಮಾರು 6 ಕಿಲೋವ್ಯಾಟ್, ಅಂದರೆ 415 ವೋಲ್ಟ್ ತ್ರೀ ಫೇಸ್‌ನಲ್ಲಿ ಫೇಸಿಗೆ ಎಂಟೂಕಾಲು ಆಂಪಿಯರ್. ನೀರು ಹಬೆಯಾಗುತ್ತದೆ, ಲವಣ ಒಳಗೇ ಉಳಿಯುತ್ತದೆ. ಲವಣ ಹೆಚ್ಚಾದಷ್ಟೂ ಸ್ವಲ್ಪವೇ ನೀರಿನಲ್ಲಿ ಅಷ್ಟೇ ಕರೆಂಟ್ ಹರಿಯುತ್ತದೆ. ಆಗ ಎಲೆಕ್ಟ್ರೋಡಿನ ತುದಿಯಷ್ಟೇ ಮುಳುಗಿದ್ದು, ಅಲ್ಲೇ ಸವೆಯುತ್ತದೆ. ಕಂಟ್ರೋಲ್ ಬೋರ್ಡ್ ಪದೇ ಪದೇ ಡ್ರೈನ್ ಮಾಡುತ್ತಿದ್ದದ್ದು ಅದನ್ನು ತಪ್ಪಿಸಲಿಕ್ಕೆ. ನಾನು ಮಾತ್ರ ಡ್ರೈನ್ ವಾಲ್ವ್ ಕೆಟ್ಟಿದೆ ಎಂದು ಎರಡು ಸಲ ಬಿಚ್ಚಿದ್ದೆ.

ಟ್ಯಾಂಕರ್ ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿದ ಲವಣದ ಮಿಲಿಗ್ರಾಂ ಲೆಕ್ಕ, 940 ಇತ್ತು. ಟಿಡಿಎಸ್‌ನ ಎರಡರಷ್ಟು ಅಂದಾಜು ವಾಹಕತೆ (ನೀರು ಕರೆಂಟ್ ಹರಿಸುವ ಶಕ್ತಿ), ಮೈಕ್ರೋಸೀಮೆನ್ಸ್‌ನಲ್ಲಿ; ಅಂದರೆ ಸುಮಾರು 1880. ನಮ್ಮ ಕೈಪಿಡಿ ಕೇಳುವುದು 125ರಿಂದ 1250. ಸಾಫ್ಟ್‌ನರ್ ಹಾಕಿ ಅಂದರು ಒಬ್ಬರು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ತುಂಬುತ್ತದೆ, ವಾಹಕತೆ ಇಳಿಯುವುದಿಲ್ಲ, ನೊರೆ ಇನ್ನೂ ಹೆಚ್ಚು. ಲವಣ ಬಹುಪಾಲು ತೆಗೆದ ಆರ್‌ಒ ನೀರನ್ನಷ್ಟೇ ಕೊಟ್ಟರೆ ಕರೆಂಟೇ ಹರಿಯುವುದಿಲ್ಲ. ಪ್ರೆಸ್ಸಿಗೆಂದು ಇದ್ದ ಆರ್‌ಒ ನೀರನ್ನು ಟ್ಯಾಂಕರ್ ನೀರಿಗೆ ಬೆರೆಸಿ ಟಿಡಿಎಸ್ 300ಕ್ಕೆ ತಂದೆ. ಅಲಾರಂ ನಿಂತಿತು.

ಸಿಲಿಂಡರ್ ಬಿಚ್ಚುವ ಮುಂಚೆ ನೀರನ್ನು ಪೂರ್ತಿ ಡ್ರೈನ್ ಮಾಡಿ, ಮೇನ್ ಇಳಿಸಿ, ತಣಿಯಲು ಬಿಡುತ್ತೇನೆ. ಬರುವುದು ಕುದಿನೀರು; ಪಿವಿಸಿ ಡ್ರೈನ್ ಪೈಪ್ ಸೊಟ್ಟಗಾದದ್ದನ್ನು ಕಂಡ ಮೇಲೆ ಕಬ್ಬಿಣದ್ದು ಹಾಕಿಸಿದೆ. ಕಲ್ಲುಪೊರೆಗೆ ನಿಂಬೆ ಉಪ್ಪಿನ ನೀರು ಸಾಕು. ತಳದ ಜಾಲರಿಯನ್ನೂ ಡ್ರೈನ್ ವಾಲ್ವಿನ ಬಾಯಿಯನ್ನೂ ತೊಳೆಯುವುದು ಮರೆಯಬಾರದು, ಉದುರಿದ ಪೊರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಬೆ ಪೈಪ್ ಎಲ್ಲೂ ಜೋತು ಬೀಳಬಾರದು, ಬಿದ್ದಲ್ಲಿ ನೀರು ನಿಂತು ಹಬೆಗೆ ದಾರಿ ಕಟ್ಟುತ್ತದೆ.

ಈಗ ಟ್ಯಾಂಕರ್ ಬಂದ ದಿನ ವಾಚ್‌ಮನ್ ಒಂದು ಬಾಟಲಿ ನೀರು ತುಂಬಿ ನನ್ನ ಮೇಜಿನ ಮೇಲೆ ಇಟ್ಟಿರುತ್ತಾರೆ. ಟಿಡಿಎಸ್ ನೋಡಿ, ತಾರೀಖಿನ ಜೊತೆ ಹ್ಯುಮಿಡಿಫೈಯರ್ ಬಾಗಿಲಿನ ಒಳಗೆ ಮಾರ್ಕರ್‌ನಲ್ಲಿ ಬರೆದು, ಆಮೇಲೆ ವಾಲ್ವ್ ತೆರೆಯುತ್ತೇನೆ.