ಹಳೆ ಪಿಕಪ್‌ಗೆ ಗಟ್ಟಿ ಹಿಂದಿನ ಆಕ್ಸಲ್: ಕೊಳ್ಳುವ ಮುಂಚೆ ಏನೇನು ನೋಡಬೇಕು

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ಒಂದು ಸಲ ತಿಪಟೂರು ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಲಾರಿಯ ಆಕ್ಸಲ್ ಕಟ್ ಆಯಿತು. ಅಪ್ಪ ಜಾಕ್ ಹಾಕಲಿಲ್ಲ, ಒಂದು ಕಾಯಿಯನ್ನೂ ಇಳಿಸಲಿಲ್ಲ. ಹಬ್ಬಿನ ಬೋಲ್ಟ್ ಬಿಚ್ಚಿ ಮುರಿದ ಶಾಫ್ಟ್ ಎಳೆದರು. ಒಳಗೆ ಉಳಿದಿದ್ದ ತುಂಡಿಗೆ ತಂತಿಯ ಕುಣಿಕೆ ಹಾಕಿ ಅದನ್ನೂ ಎಳೆದರು. ಬೇರೆ ಶಾಫ್ಟ್ ತೂರಿಸಿ ಹೊರಟೇಬಿಟ್ಟರು. ಅಷ್ಟು ಹೊತ್ತೂ ಲಾರಿ ತನ್ನ ಚಕ್ರದ ಮೇಲೇ ನಿಂತಿತ್ತು.

ಈಗ ನಾನು ಮಿಷಿಗನ್‌ನಲ್ಲಿ 1953ರ ಷೆವ್ರೊಲೆ 3100 ಪಿಕಪ್ ಕಟ್ಟುತ್ತಿದ್ದೇನೆ. ಸೌದೆ, ಗೊಬ್ಬರ ಹೊರಬೇಕು, ಟ್ರೇಲರ್ ಎಳೆಯಬೇಕು. ಹಾಗಾಗಿ ಅಪ್ಪನ ಲಾರಿಯಲ್ಲಿದ್ದಂಥ ಆಕ್ಸಲ್ಲೇ ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದನ್ನು ಫುಲ್ ಫ್ಲೋಟಿಂಗ್ ಅಂತಾರೆ. ಇದರಲ್ಲಿ ಹಬ್ಬು (ಚಕ್ರ ಕೂರುವ ಗುಂಬ) ಹೌಸಿಂಗ್‌ನ, ಅಂದರೆ ಶಾಫ್ಟ್ ಸುತ್ತ ಇರುವ ಕಬ್ಬಿಣದ ಕವಚದ, ತುದಿಯ ಮೇಲೆ ಎರಡು ಬೇರಿಂಗ್‌ನಲ್ಲಿ ಕೂತಿರುತ್ತದೆ. ಗಾಡಿಯ ಭಾರ ಹೊರೋದು ಹೌಸಿಂಗು, ಶಾಫ್ಟ್‌ಗೆ ತಿರುಗಿಸುವ ಕೆಲಸ ಮಾತ್ರ. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟೇ ಭಾರವನ್ನೂ ಹೊರಬೇಕು. ಅದು ಮುರಿದರೆ ಚಕ್ರವೇ ಕಳಚಿ ಬರಬಹುದು. ಗುರುತು ಹಿಡಿಯೋದು ಸುಲಭ. ಚಕ್ರದ ಮಧ್ಯದಿಂದ ಹಬ್ಬು ಮೂತಿ ಚಾಚಿ, ಅದರ ಮುಖದ ಮೇಲೆ ಬೋಲ್ಟ್‌ಗಳ ಸುತ್ತು ಕಂಡರೆ ಫುಲ್ ಫ್ಲೋಟಿಂಗ್.

3100ರ ಮೂಲ ಆಕ್ಸಲ್ ಉಳಿಸಿಕೊಳ್ಳೋಕೆ ನನಗೆ ಆಗುತ್ತಿರಲಿಲ್ಲ. 1954ರವರೆಗೆ ಈ ಅರ್ಧ ಟನ್ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಆಕ್ಸಲ್ ತಿರುಗಿಸುವ ಉದ್ದ ಶಾಫ್ಟು) ಒಂದು ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ. ನಾನು ಹಾಕಿದ 350 ಘನ ಇಂಚಿನ ಎಂಜಿನ್, 700ಆರ್4 ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಅದು ಕೂಡೋದಿಲ್ಲ.

ನೋಡಿದ್ದು ಮೂರು. ಇಂಚಿನ ಲೆಕ್ಕ ಕ್ರೌನ್ ವೀಲಿನದು, ಅಂದರೆ ಆಕ್ಸಲ್ ಮಧ್ಯದ ದೊಡ್ಡ ಹಲ್ಲುಚಕ್ರದ ಅಡ್ಡಳತೆ. ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ ಪಿನಿಯನ್. ಫೋರ್ಡ್ 9 ಇಂಚಿನದು ಒಳ್ಳೆಯದು, ಹಗುರ, ಆದರೆ ಸೆಮಿ ಫ್ಲೋಟಿಂಗ್. ಭಾರ ಹೊರದ ಗಾಡಿಗೆ ಅದು ಧಾರಾಳ ಸಾಕು. ಡಾನಾ 60 ಗಟ್ಟಿ, ಕ್ರೌನ್ ವೀಲ್ 9.75 ಇಂಚು. ಇದು ಎರಡೂ ಥರದಲ್ಲಿ ಬರುತ್ತದೆ, ಹಬ್ಬು ನೋಡದೆ ದುಡ್ಡು ಕೊಡಬೇಡಿ. ನಾನು ಆರಿಸಿದ್ದು ಜಿಎಂನ 14 ಬೋಲ್ಟ್, 10.5 ಇಂಚಿನದು. ಇದು 1973ರಿಂದ ಮುಕ್ಕಾಲು ಟನ್, ಒಂದು ಟನ್ ಗಾಡಿಗಳಲ್ಲಿ ಬಂತು. ಪಿನಿಯನ್‌ನ ಒಳತುದಿಗೂ ಒಂದು ಬೇರಿಂಗ್ ಆಸರೆ ಇದೆ, ಒಟ್ಟು ಮೂರು. ಭಾರ ಎಳೆಯುವಾಗ ಪಿನಿಯನ್ ಪಕ್ಕಕ್ಕೆ ಜಗ್ಗೋದಿಲ್ಲ. ಆದರೆ 9.5 ಇಂಚಿನ ಸೆಮಿ ಫ್ಲೋಟಿಂಗ್ ಒಂದಿದೆ, ಅದರ ಕವರಿಗೂ 14 ಬೋಲ್ಟೇ. ಬೋಲ್ಟ್ ಎಣಿಸಿ ಸುಮ್ನೆ ಕೊಂಡರೆ ಮೋಸ ಹೋಗ್ತೀರಿ.

ನಾನು ಎಡವಿದ್ದು ಅಗಲದಲ್ಲಿ. ಗುಜರಿ ಯಾರ್ಡ್‌ನವನು "ಎಲ್ಲಾ ಒಂದೇ ಅಳತೆ" ಅಂದ, ನಂಬಿದೆ. ಮನೆಗೆ ತಂದು ಟೇಪ್ ಹಿಡಿದರೆ ವೀಲು ಕೂರುವ ಒಂದು ಬ್ರೇಕ್ ಡ್ರಮ್ಮಿನ ಮುಖದಿಂದ ಇನ್ನೊಂದರ ಮುಖಕ್ಕೆ 67.5 ಇಂಚು. ನನಗೆ ಬೇಕಿದ್ದದ್ದು 62. ಟೈರು ಎರಡೂ ಕಡೆ ಮಡ್‌ಗಾರ್ಡ್‌ನ ಆಚೆ ನಿಂತಿತು. ಹೌಸಿಂಗ್ ಕತ್ತರಿಸಿ ಗಿಡ್ಡ ಮಾಡಿಸಿ, ಎರಡೂ ಶಾಫ್ಟ್ ಹೊಸದಾಗಿ ಮಾಡಿಸಬೇಕಾಯಿತು. ಆಕ್ಸಲ್‌ಗಿಂತ ಅದಕ್ಕೇ ಜಾಸ್ತಿ ಖರ್ಚಾಯಿತು.

ಅಳೆಯುವ ಕ್ರಮ ಹೀಗೆ. ಮಡ್‌ಗಾರ್ಡ್ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ, ಎರಡು ಗುರುತಿನ ನಡುವೆ ಅಳೆಯಿರಿ. ನನ್ನದು 70 ಇಂಚು. ಒಂದೊಂದು ಕಡೆ ಒಂದೊಂದು ಇಂಚು ಬಿಟ್ಟರೆ 68. ನನ್ನ ವೀಲು ಕೂರುವ ಮುಖದಿಂದ ಟೈರು 3 ಇಂಚು ಹೊರಗೆ ಬರುತ್ತದೆ. ಎರಡು ಕಡೆಯದು ಕಳೆದರೆ 62. ಇದನ್ನು ಬರೆದಿಟ್ಟುಕೊಂಡು ಆಮೇಲೆ ಗುಜರಿಗೆ ಹೋಗಿ.

ಇನ್ನು ರೇಷಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗೋಕೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋದು. ಕವರ್ ಬಿಚ್ಚಿದರೆ ಕ್ರೌನ್, ಪಿನಿಯನ್ ಎರಡರ ಹಲ್ಲೂ ಎಣಿಸಬಹುದು: 41ಕ್ಕೆ 10 ಇದ್ದರೆ 4.10, 41ಕ್ಕೆ 11 ಇದ್ದರೆ 3.73. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋದಕ್ಕೆ ಗಂಟೆಗೆ ಇಷ್ಟು ಮೈಲಿ ಅನ್ನುವ ವೇಗವನ್ನು ರೇಷಿಯೋದಿಂದ, ಆಮೇಲೆ 336ರಿಂದ ಗುಣಿಸಿ, ಟೈರಿನ ಎತ್ತರದ ಇಂಚಿನಿಂದ ಭಾಗಿಸಿ. 30 ಇಂಚಿನ ಟೈರು, 65 ಮೈಲಿ, 4.10 ಅಂದರೆ ಸುಮಾರು 2,985. ನನ್ನ ಗೇರ್‌ಬಾಕ್ಸ್‌ನ ಓವರ್‌ಡ್ರೈವ್ (ಎಂಜಿನ್ ಸುತ್ತು ತಗ್ಗಿಸುವ ಕೊನೆಯ ಗೇರು) 0.70, ಹಾಗಾಗಿ 2,090ಕ್ಕೆ ಇಳಿಯುತ್ತದೆ. ಟ್ರೇಲರ್ ಇದ್ದಾಗ ಮೂರನೇ ಗೇರಲ್ಲೇ ಎಳೆಯಬಹುದು. ಓವರ್‌ಡ್ರೈವ್ ಇಲ್ಲದ ಗಾಡಿಗಾದರೆ ನಾನು 3.73 ಹುಡುಕುತ್ತಿದ್ದೆ.

ಕವರ್ ಬಿಚ್ಚಿದಾಗಲೇ ಆಯಿಲ್‌ನಲ್ಲಿ ಬೆರಳದ್ದಿ ತಿಕ್ಕಿ ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಭಯವಿಲ್ಲ. ಚೂರು ಸಿಕ್ಕಿದರೆ ಅಥವಾ ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ. ಪಿನಿಯನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಸ್ವಲ್ಪವೂ ಆಡಬಾರದು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅದಕ್ಕೇ ಸ್ಪ್ರಿಂಗ್ ಕೂರುವ ಜಾಗದಲ್ಲಿ ಸುತ್ತಿಗೆಯಿಂದ ತಟ್ಟಿ ತುಕ್ಕು ನೋಡಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಆಕ್ಸಲ್ ದಪ್ಪ ಆಯಿತು ಅಂತ ಗಾಡಿಯ ತಾಕತ್ತು ಏರೋದಿಲ್ಲ. ಚಾಸಿ, ಸ್ಪ್ರಿಂಗ್, ಟೈರು, ಬ್ರೇಕು ಅರ್ಧ ಟನ್ನಿನದೇ ಇದ್ದರೆ ಹೊರೋದು ಅಷ್ಟೇ. ನಿಜವಾಗಿ ಭಾರ ಹೊರುವ ಗಾಡಿ ಬೇಕಿದ್ದರೆ ಒಂದು ಟನ್ನಿನ 3800ರಿಂದಲೇ ಶುರು ಮಾಡಿ. ಹಿಂದೆ 8 ನಟ್ಟಿನ ವೀಲು, ಮುಂದೆ 6 ನಟ್ಟಿನದು ಉಳಿದರೆ ಎರಡು ಸ್ಟೆಪ್ನಿ ಹೊತ್ತು ತಿರುಗಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಸ್ಪ್ರಿಂಗ್ ಕೂರುವ ತಟ್ಟೆಗಳನ್ನು ಮೊದಲು ಚುಕ್ಕೆ ವೆಲ್ಡ್ ಮಾತ್ರ ಮಾಡಿ. ಎಂಜಿನ್, ಬಾಡಿ ಎಲ್ಲಾ ಕೂತು ಗಾಡಿ ಚಕ್ರದ ಮೇಲೆ ನಿಂತ ಮೇಲೆ ಕೋನ ನೋಡಿ. ಗೇರ್‌ಬಾಕ್ಸ್‌ನ ಹಿಂದಿನ ತುದಿ 3 ಡಿಗ್ರಿ ಕೆಳಕ್ಕೆ ಬಾಗಿದ್ದರೆ ಪಿನಿಯನ್ ಮೂತಿ 1 ಅಥವಾ 2 ಡಿಗ್ರಿ ಮೇಲಕ್ಕಿರಲಿ, ಎಳೆಯುವಾಗ ಅದು ಇನ್ನಷ್ಟು ಏಳುತ್ತದೆ. ಆಮೇಲೆ ಪೂರ್ತಿ ವೆಲ್ಡ್ ಮಾಡಿ. ಹೌಸಿಂಗ್ ಮೇಲಿನ ಗಾಳಿ ಕೊಳವೆ ಕಟ್ಟಿದ್ದರೆ ಬಿಡಿಸಿ, ಇಲ್ಲದಿದ್ದರೆ ಬಿಸಿಯಾದಾಗ ಆಯಿಲ್ ಸೀಲ್ ದಾಟಿ ಬ್ರೇಕಿಗೆ ಹರಿಯುತ್ತದೆ. ಹೊಸ ಕ್ರೌನ್ ಪಿನಿಯನ್ ಹಾಕಿಸಿದ್ದರೆ ಮೊದಲ 500 ಮೈಲಿಗೆ ಆಯಿಲ್ ಬದಲಿಸಿ, ಅಲ್ಲಿಯವರೆಗೆ ಟ್ರೇಲರ್ ಕಟ್ಟಬೇಡಿ.